ಪಾಳು ಗಣಿಯ ಶುದ್ಧೀಕರಣ: ಊರಿನವರ ಮಾತು ಎಲ್ಲಿ ನಡೆಯುತ್ತದೆ?

ಪ್ರಶ್ನೆ: ನಮ್ಮ ಊರಿನ ಮೇಲ್ಗಡೆ ಸೀಸ ಮತ್ತು ಸತುವಿನ ಗಣಿಯೊಂದಿದೆ. ಅದು ಮುಚ್ಚಿ ದಶಕಗಳೇ ಆದವು, ನಡೆಸುತ್ತಿದ್ದ ಕಂಪನಿ ಈಗ ಅಸ್ತಿತ್ವದಲ್ಲಿಲ್ಲ. ತ್ಯಾಜ್ಯದ ದಿಬ್ಬಗಳು ಹಾಗೇ ಇವೆ, ಹಳೆಯ ಸುರಂಗದ ಬಾಯಿಂದ ಕೆಂಪು ನೀರು ಒಸರಿ ಹೊಳೆ ಸೇರುತ್ತಿದೆ. ಈಗ ಸರ್ಕಾರ ಶುದ್ಧೀಕರಣದ ಕರಡು ಯೋಜನೆ ಪ್ರಕಟಿಸಿ 30 ದಿನಗಳಲ್ಲಿ ಅಭಿಪ್ರಾಯ ತಿಳಿಸಿ ಎಂದಿದೆ. ವರದಿ ನಾನೂರು ಪುಟ ದಾಟುತ್ತದೆ. ಮೊದಲ ಸಭೆ ಗದ್ದಲದಲ್ಲೇ ಮುಗಿಯಿತು. ಎಲ್ಲವನ್ನೂ ಲಾರಿಗೆ ತುಂಬಿ ಹೊರಗೆ ಸಾಗಿಸಿ ಎಂದರು ಕೆಲವರು. ಮುಟ್ಟಲೇಬೇಡಿ, ಊರಿನ ಹೆಸರು ಕೆಡುತ್ತದೆ ಎಂದರು ಇನ್ನು ಕೆಲವರು. ಇದು ತಾಂತ್ರಿಕ ವಿಷಯ ಎಂದು ಎಂಜಿನಿಯರುಗಳು ಮಾತು ಮುಗಿಸಿದರು. ನಮ್ಮ ಮಾತಿಗೆ ನಿಜಕ್ಕೂ ಬೆಲೆ ಇದೆಯೇ? ಇದ್ದರೆ ನಾವು ಏನು ಕೇಳಬೇಕು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮನ್ನು ಕರೆದಿರುವ ಹಂತದಲ್ಲಿ ಊರಿನವರ ಮಾತಿಗೆ ಇರುವ ತೂಕ ತೀರಾ ಕಡಿಮೆ. ಇದರಲ್ಲಿ ಯಾರದೋ ಕುತಂತ್ರ ಇರಲೇಬೇಕೆಂದೇನೂ ಇಲ್ಲ. ಪ್ರಕ್ರಿಯೆಯನ್ನು ಕಟ್ಟಿರುವ ರೀತಿಯೇ ಹಾಗೆ. ಮೊದಲು ಸ್ಥಳದ ಅಧ್ಯಯನ: ಮಣ್ಣು, ನೀರು, ದೂಳಿನ ಮಾದರಿ ತೆಗೆಯುತ್ತಾರೆ. ಬಳಿಕ ಅಪಾಯದ ಅಂದಾಜು. ಆ ಅಂದಾಜಿನ ಮೇಲೆ ಗುರಿ, ಅಂದರೆ ಎಷ್ಟು ಸ್ವಚ್ಛವಾದರೆ ಸಾಕು ಎಂಬ ಅಂಕಿ. ಗುರಿ ಮುಟ್ಟಿಸಬಲ್ಲ ವಿಧಾನಗಳ ಪಟ್ಟಿ, ಅವುಗಳ ಹೋಲಿಕೆ, ಕೊನೆಗೆ ಕರಡು. ಜನರನ್ನು ಕರೆಯುವುದು ಇಷ್ಟೆಲ್ಲ ಆದ ಮೇಲೆ. ವಿಷ ತುಂಬಿದ ಜಾಗಗಳನ್ನು ಪಟ್ಟಿ ಮಾಡಿ ಶುದ್ಧಗೊಳಿಸುವ ಅಮೆರಿಕದ ಸೂಪರ್‌ಫಂಡ್ ಕಾಯ್ದೆ 1980ರಲ್ಲಿ ಬಂತು. ಪಾಳು ಗಣಿಗಳ ಶುದ್ಧೀಕರಣದ ಬಹಳಷ್ಟು ಅನುಭವ ಅದರ ಅಡಿಯಲ್ಲಿದೆ. ಅಲ್ಲಿ ಒಂದು ವಿಧಾನವನ್ನು ಆರಿಸಲು 9 ಮಾನದಂಡಗಳಿವೆ. ಆರೋಗ್ಯ ಮತ್ತು ಪರಿಸರದ ರಕ್ಷಣೆ, ಕಾನೂನಿನ ಪಾಲನೆ ಇವೆರಡು ಕಡ್ಡಾಯ. ಬಾಳಿಕೆ, ವೆಚ್ಚ ಮುಂತಾದ 5 ಅಳೆದು ತೂಗುವಂಥವು. ಸ್ಥಳೀಯರ ಒಪ್ಪಿಗೆ ಪಟ್ಟಿಯಲ್ಲಿ ಒಂಬತ್ತನೆಯದು. ಅದನ್ನು ನೋಡುವುದು ಕರಡಿನ ಮೇಲೆ ಅಭಿಪ್ರಾಯಗಳು ಬಂದ ನಂತರ. ಒಂಬತ್ತನೆಯದಾದರೂ ಇದೆಯಲ್ಲ ಎನ್ನಬಹುದು. ಆದರೆ ಅಷ್ಟು ಹೊತ್ತಿಗೆ ಸಲಹಾ ಸಂಸ್ಥೆಗೆ ಹಣ ಪಾವತಿಯಾಗಿರುತ್ತದೆ, ಅಂದಾಜು ಪಟ್ಟಿ ಸಿದ್ಧವಾಗಿರುತ್ತದೆ, ಅಧಿಕಾರಿಗಳ ಮನಸ್ಸೂ ಒಂದು ಕಡೆ ವಾಲಿರುತ್ತದೆ.

ಯುರೋಪಿನ ದೇಶಗಳು 1998ರಲ್ಲಿ ಸಹಿ ಹಾಕಿದ ಆರ್ಹಸ್ ಒಪ್ಪಂದ ಇದಕ್ಕೆ ಬೇರೆ ಸೂತ್ರ ಹಿಡಿಯಿತು. ಪರಿಸರದ ತೀರ್ಮಾನಗಳಲ್ಲಿ ಜನರನ್ನು ಆರಂಭದಲ್ಲೇ, ಎಲ್ಲ ಆಯ್ಕೆಗಳೂ ತೆರೆದಿರುವಾಗಲೇ ಕರೆಯಬೇಕು ಎಂದು ಅದು ಹೇಳುತ್ತದೆ. ನಿಮ್ಮ ದೇಶ ಅದಕ್ಕೆ ಸಹಿ ಹಾಕಿರಲಿ ಬಿಡಲಿ, ವಾದ ಮಂಡಿಸಲು ಆ ಮಾತು ಉಪಯೋಗಕ್ಕೆ ಬರುತ್ತದೆ.

ಹಾಗಾದರೆ 30 ದಿನಗಳಲ್ಲಿ ಮಾಡುವುದೇನು? ಕರಡಿನ ಕೊನೆಯಲ್ಲಿರುವ ‘ಆಯ್ಕೆಯಾದ ವಿಧಾನ’ದ ಮೇಲೆ ಜಗಳ ತೆಗೆಯಬೇಡಿ, ಕನಿಷ್ಠ ಮೊದಲಿಗೆ ಬೇಡ. ವರದಿಯನ್ನು ಹಿಂದಿನಿಂದ ಮುಂದಕ್ಕೆ ಓದಿ. ಆ ವಿಧಾನ ಯಾವ ಗುರಿಗಾಗಿ, ಆ ಗುರಿ ಯಾವ ಅಂದಾಜಿನಿಂದ, ಆ ಅಂದಾಜು ಯಾವ ಊಹೆಗಳಿಂದ ಬಂತು ಎಂದು ಬೆನ್ನು ಹಿಡಿದು ಹೋಗಿ. ಊಹೆಗಳ ಕೋಷ್ಟಕ ಸಾಮಾನ್ಯವಾಗಿ ಅನುಬಂಧದಲ್ಲಿರುತ್ತದೆ, ಎರಡು ಮೂರು ಪುಟ ಅಷ್ಟೆ. ನಾನೂರು ಪುಟದಲ್ಲಿ ಸ್ಥಳೀಯರು ತಜ್ಞರಿಗಿಂತ ಹೆಚ್ಚು ತಿಳಿದಿರುವ ಜಾಗ ಅದೊಂದೇ.

ಆ ಕೋಷ್ಟಕದಲ್ಲಿ ಏನಿರುತ್ತದೆ ಗೊತ್ತೆ? ಅಮೆರಿಕದ ಪರಿಸರ ಸಂಸ್ಥೆ ವರ್ಷಗಟ್ಟಲೆ ಬಳಸಿಕೊಂಡು ಬಂದ, ಬೇರೆ ಹಲವು ದೇಶಗಳ ಸಲಹೆಗಾರರೂ ಎತ್ತಿಕೊಂಡ ಲೆಕ್ಕ ಹೀಗಿದೆ: ವಾಸದ ಜಾಗದಲ್ಲಿ ಸಣ್ಣ ಮಗು ದಿನಕ್ಕೆ 200 ಮಿಲಿಗ್ರಾಂ ಮಣ್ಣು ಮತ್ತು ದೂಳು ನುಂಗುತ್ತದೆ, ದೊಡ್ಡವರು 100 ಮಿಲಿಗ್ರಾಂ, ವರ್ಷಕ್ಕೆ 350 ದಿನ. ಬೆರಳು ಬಾಯಿಗಿಡುವ, ನೆಲದ ಮೇಲೆ ಹರಿದಾಡುವ ಮಗುವಿನ ಹೊಟ್ಟೆಗೆ ಹೋಗುವ ಮಣ್ಣು ಅದು. ಇದೇ ಜಾಗವನ್ನು ‘ವಾಸ’ದ ಬದಲು ‘ವಿಹಾರ’ ಎಂದು ನಮೂದಿಸಿದರೆ 350 ದಿನ ಹತ್ತಾರು ದಿನಗಳಿಗೆ ಇಳಿಯುತ್ತದೆ. ಕೈಗಾರಿಕೆ ಎಂದರೆ ಮಗುವೇ ಲೆಕ್ಕದಿಂದ ಮಾಯ. ದಿನಗಳು ಇಳಿದ ಹಾಗೆ ಮಣ್ಣಿನಲ್ಲಿ ಬಿಡಬಹುದಾದ ಸೀಸದ ಪ್ರಮಾಣ ಏರುತ್ತದೆ, ಅಗೆಯಬೇಕಾದ ಮಣ್ಣು ಕಡಿಮೆಯಾಗುತ್ತದೆ, ಖರ್ಚು ಇಳಿಯುತ್ತದೆ. ಒಂದು ಸಾಲು ತಿದ್ದಿದ್ದಕ್ಕೆ ಇಷ್ಟೆಲ್ಲ ಬದಲಾವಣೆ. ನಿಮ್ಮ ಮಕ್ಕಳು ಆ ದಿಬ್ಬಗಳ ಮೇಲೆ ಸೈಕಲ್ ಹೊಡೆಯುತ್ತಾರೆಯೇ, ದನ ಅಲ್ಲೇ ಮೇಯುತ್ತವೆಯೇ, ಆ ಹೊಳೆಯ ಮೀನನ್ನು ವಾರಕ್ಕೆ ಎಷ್ಟು ಸಲ ತಿನ್ನುತ್ತೀರಿ, ಆ ಮಣ್ಣನ್ನು ಮನೆ ಕಟ್ಟಲು ತಂದವರು ಯಾರು – ಇದನ್ನು ಹೊರಗಿನಿಂದ ಬಂದ ಸಲಹೆಗಾರರು ಬಲ್ಲವರಲ್ಲ. ಕೇಳಿದ್ದರೆ ತಿಳಿಯುತ್ತಿತ್ತು, ಕೇಳಿಲ್ಲದಿದ್ದರೆ ಕೋಷ್ಟಕದಲ್ಲಿರುವುದು ಬೇರೆ ಎಲ್ಲಿಂದಲೋ ತಂದ ಅಂಕಿ.

ಮಾದರಿಗಳ ವಿಷಯದಲ್ಲೂ ಒಂದು ಸೂಕ್ಷ್ಮ ಇದೆ. ಮಗುವಿನ ಕೈಗೆ ಅಂಟುವುದು ನಯವಾದ ದೂಳು, ಕಲ್ಲು ಹರಳಲ್ಲ. ಸೀಸ ಹೆಚ್ಚಾಗಿ ಕೂತಿರುವುದೂ ಆ ನಯ ಭಾಗದಲ್ಲೇ. ಹಾಗಾಗಿ ಸೀಸದ ಪರೀಕ್ಷೆಗೆ ಮಣ್ಣನ್ನು 150 ಮೈಕ್ರಾನ್ (0.15 ಮಿಲಿಮೀಟರ್) ಜರಡಿ ಹಿಡಿದು ಕೆಳಗಿಳಿದದ್ದನ್ನು ಅಳೆಯುವುದು ಈಗಿನ ಪದ್ಧತಿ. ಜರಡಿ ಹಿಡಿಯದೆ ಇಡೀ ಮಣ್ಣನ್ನು ಅಳೆದಿದ್ದರೆ ಅಂಕಿ ಕಡಿಮೆ ಕಾಣಿಸಬಹುದು. ಜರಡಿ ಎಷ್ಟು ಸಣ್ಣದಿತ್ತು ಎಂದು ಸಭೆಯಲ್ಲಿ ಕೇಳಿ ನೋಡಿ. ಉತ್ತರಕ್ಕಿಂತ ಹೆಚ್ಚಾಗಿ, ಎದುರಿಗಿರುವವರು ನಿಮ್ಮ ಜೊತೆ ಮಾತಾಡುವ ಧಾಟಿ ಬದಲಾಗುತ್ತದೆ.

ತಪ್ಪು ಪ್ರಶ್ನೆ ಇಟ್ಟುಕೊಂಡು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಓಕ್ಲಹೋಮಾದ ಟಾರ್ ಕ್ರೀಕ್ ಸಾಕ್ಷಿ. ಅದೂ ನಿಮ್ಮ ಹಾಗೆ ಸೀಸ ಮತ್ತು ಸತುವಿನ ಸೀಮೆ. 1983ರಲ್ಲಿ ಸೂಪರ್‌ಫಂಡ್ ಪಟ್ಟಿ ಸೇರಿತು. ಮೊದಲ ಯೋಜನೆಯ ಕಣ್ಣೆಲ್ಲ ಸುರಂಗಗಳಿಂದ ಉಕ್ಕುವ ಆಮ್ಲದ ನೀರಿನ ಮೇಲೆ. ಪಿಚರ್ ಎಂಬ ಪಟ್ಟಣದ ಮನೆಗಳ ಬೆನ್ನಿಗೇ ಬೆಟ್ಟದಂತೆ ನಿಂತಿದ್ದ ಜಲ್ಲಿ ತ್ಯಾಜ್ಯದ ರಾಶಿಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಕ್ಕಳು ಅದರ ಮೇಲೆ ಜಾರಿ ಆಡುತ್ತಿದ್ದರು, ಜನ ಅದನ್ನು ಮನೆಯ ಮುಂದಿನ ದಾರಿಗೆ, ಮಕ್ಕಳ ಆಟದ ಮರಳಿಗೆ ಬಳಸುತ್ತಿದ್ದರು. ಊರಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ. 1994ರಲ್ಲಿ ಮೂಲನಿವಾಸಿ ಮಕ್ಕಳ ರಕ್ತ ಪರೀಕ್ಷಿಸಿದಾಗ ಸುಮಾರು ಮೂರನೇ ಒಂದು ಭಾಗ ಮಕ್ಕಳಲ್ಲಿ ಸೀಸ ಅಂದಿನ ಮಿತಿ ಮೀರಿತ್ತು. ಪಟ್ಟಿ ಸೇರಿ 11 ವರ್ಷಗಳ ಮೇಲೆ! ಅಂಗಳದ ಮಣ್ಣು ತೆಗೆಯುವ ಕೆಲಸ ಶುರುವಾದದ್ದು ಆ ನಂತರ. ಕೊನೆಗೆ ನೆಲ ಕುಸಿಯುವ ಭೀತಿಯೂ ಸೇರಿ ಪಿಚರ್ ಪಟ್ಟಣವೇ ಖಾಲಿಯಾಯಿತು. ಮೊದಲ ವರ್ಷವೇ ಯಾರಾದರೂ ತಾಯಂದಿರನ್ನು ಕೂರಿಸಿಕೊಂಡು ಮಕ್ಕಳು ಎಲ್ಲಿ ಆಡುತ್ತಾರೆ ಎಂದು ಕೇಳಿದ್ದರೆ ಆ ಹನ್ನೊಂದು ವರ್ಷ ಉಳಿಯುತ್ತಿತ್ತು ಎಂದೇ ನನ್ನ ಅಭಿಪ್ರಾಯ. ಮುಂದೆ ಅದೇ ಸೀಮೆಯಲ್ಲಿ ಕ್ವಾಪಾ ಬುಡಕಟ್ಟಿನವರು 2013ರಿಂದ ತಮ್ಮ ನೆಲದ ಒಂದು ಭಾಗದ ಶುದ್ಧೀಕರಣವನ್ನು ತಾವೇ ಕೈಗೆತ್ತಿಕೊಂಡು ಮಾಡಿ ತೋರಿಸಿದರು. ಸೂಪರ್‌ಫಂಡ್‌ನಲ್ಲಿ ಒಂದು ಬುಡಕಟ್ಟೇ ಮುಂದೆ ನಿಂತು ಮಾಡಿಸಿದ ಮೊದಲ ಕೆಲಸ ಅದು.

ಈಗ ನಿಮ್ಮ ಊರಿನ ಎರಡು ಪಕ್ಷಗಳ ವಿಷಯ. ‘ಎಲ್ಲವನ್ನೂ ಸಾಗಿಸಿ’ ಎನ್ನುವವರಿಗೆ ಎರಡು ಮಾತು. ಗಂಧಕ ಸೇರಿದ ಅದಿರಿನ ತ್ಯಾಜ್ಯದಲ್ಲಿ ಪೈರೈಟ್ ಎಂಬ ಕಬ್ಬಿಣ, ಗಂಧಕದ ಖನಿಜ ಇರುತ್ತದೆ. ಗಾಳಿ, ನೀರು ತಾಗಿದರೆ ಅದು ಆಮ್ಲವಾಗಿ, ಆ ಆಮ್ಲ ಇತರ ಲೋಹಗಳನ್ನು ಕರಗಿಸಿಕೊಂಡು ಹರಿಯುತ್ತದೆ. ನಿಮ್ಮ ಸುರಂಗದ ಕೆಂಪು ನೀರಿನ ಮೂಲ ಇದೇ. ದಶಕಗಳಿಂದ ಗಟ್ಟಿಯಾಗಿ ಕೂತ ದಿಬ್ಬವನ್ನು ಅಗೆದರೆ ಒಳಗಿನ ಹೊಸ ಮೈ ಗಾಳಿಗೆ ಬರುತ್ತದೆ, ದೂಳೂ ಏಳುತ್ತದೆ. ಕೆಲವೆಡೆ ತೆಗೆಯಲೇಬೇಕು, ಹೊಳೆಯ ದಂಡೆಯಲ್ಲಿರುವುದನ್ನಂತೂ ಖಂಡಿತ. ಎಲ್ಲ ಕಡೆಯೂ ಅಲ್ಲ. ಎರಡನೆಯ ಮಾತು: ತೆಗೆದದ್ದು ಹೋಗುವುದು ಎಲ್ಲಿಗೆ?

ಮೊಂಟಾನಾದಲ್ಲಿ ಕ್ಲಾರ್ಕ್ ಫೋರ್ಕ್ ನದಿಗೆ ಕಟ್ಟಿದ್ದ ಮಿಲ್‌ಟೌನ್ ಅಣೆಕಟ್ಟಿನ ಕಥೆ ಜನರ ಪಾಲ್ಗೊಳ್ಳುವಿಕೆಯ ದೊಡ್ಡ ಗೆಲುವು ಎಂದು ಎಲ್ಲೆಡೆ ಹೇಳುತ್ತಾರೆ, ಗೆಲುವೂ ಹೌದು. ಮೇಲಿನ ಬ್ಯೂಟ್ ಮತ್ತು ಅನಕೊಂಡ ಪಟ್ಟಣಗಳ ತಾಮ್ರದ ಗಣಿ, ಕುಲುಮೆಗಳ ಹೂಳು ಆ ಅಣೆಕಟ್ಟಿನ ಹಿಂದೆ ತುಂಬಿತ್ತು. 1981ರಲ್ಲಿ ಅಲ್ಲಿನ ಬಾವಿಗಳಲ್ಲಿ ಆರ್ಸೆನಿಕ್ ಸಿಕ್ಕಿತು. ಅಣೆಕಟ್ಟು ಕೆಡವಿ ಹೂಳು ತೆಗೆಯಿರಿ ಎಂದು ಮಿಸೌಲಾ ನಗರದವರು ವರ್ಷಗಟ್ಟಲೆ ಸಂಘಟಿತರಾಗಿ ಒತ್ತಾಯಿಸಿದರು. 2008ರಲ್ಲಿ ನದಿ ಬಿಡುಗಡೆಯಾಯಿತು. ಹೂಳನ್ನು ರೈಲಿನಲ್ಲಿ ಸಾಗಿಸಿ ಹಾಕಿದ್ದು ಆಪರ್ಚುನಿಟಿ ಎಂಬ ಪುಟ್ಟ ಊರಿನ ಪಕ್ಕ. ಅಲ್ಲಿ ಮೊದಲೇ ಕುಲುಮೆಯ ತ್ಯಾಜ್ಯದ ಕೊಳಗಳಿದ್ದವು, ಹೇಗೂ ಕೆಟ್ಟ ಜಾಗ ತಾನೇ ಎಂಬ ಲೆಕ್ಕ. ವಿಶ್ವವಿದ್ಯಾಲಯ, ಪತ್ರಿಕೆ, ವಕೀಲರು ಇದ್ದ ನಗರಕ್ಕೆ ಸ್ವಚ್ಛ ನದಿ ದಕ್ಕಿತು. ಹಳೆಯ ಕುಲುಮೆ ಕಾರ್ಮಿಕರ ಊರಿಗೆ ಇನ್ನಷ್ಟು ತ್ಯಾಜ್ಯ ಬಂತು. ಆದ್ದರಿಂದ ನಿಮ್ಮ ಅಹವಾಲಿನಲ್ಲಿ ‘ಸಾಗಿಸಿ’ ಎಂದು ಬರೆಯುವುದಾದರೆ, ಎಲ್ಲಿಗೆ ಎಂಬುದನ್ನೂ ಬರೆಯಿರಿ, ಆ ಜಾಗದವರ ಒಪ್ಪಿಗೆ ಕೇಳಿರಬೇಕೆಂದೂ ಬರೆಯಿರಿ. ಬರೆಯಲು ಮನಸ್ಸು ಬರದಿದ್ದರೆ ಬೇಡಿಕೆಯಲ್ಲೇ ಏನೋ ಸರಿಯಿಲ್ಲ.

‘ಮುಟ್ಟಬೇಡಿ’ ಎನ್ನುವವರನ್ನು ಗೇಲಿ ಮಾಡಬೇಡಿ. ಅವರ ಭಯಕ್ಕೆ ಆಧಾರವಿದೆ: ಊರಿಗೆ ವಿಷದ ಹಣೆಪಟ್ಟಿ ಅಂಟಿದರೆ ಮನೆ ಕೊಳ್ಳುವವರಿಲ್ಲ, ಪ್ರವಾಸಿಗರಿಲ್ಲ, ಬ್ಯಾಂಕ್ ಸಾಲವೂ ಕಷ್ಟ. ಕೊಲರಾಡೋದ ಸಿಲ್ವರ್‌ಟನ್ ಇದೇ ಕಾರಣಕ್ಕೆ ಸುಮಾರು ಎರಡು ದಶಕ ಸೂಪರ್‌ಫಂಡ್ ಬೇಡವೆಂದು ತಡೆದು ನಿಂತಿತು. ಸ್ವಯಂಸೇವಕರ, ಕಂಪನಿಗಳ, ಅಧಿಕಾರಿಗಳ ಗುಂಪೊಂದು 1994ರಿಂದ ಸೇರಿ ಕೈಲಾದ ಕೆಲಸ ಮಾಡುತ್ತಲೂ ಇತ್ತು. ಅವರು ಕಲೆಹಾಕಿದ ನೀರಿನ ಅಂಕಿಅಂಶ ಇಂದಿಗೂ ಉಪಯುಕ್ತ. ಆದರೆ ಸುರಂಗಗಳ ಒಳಗಿನ ನೀರಿಗೆ ದೊಡ್ಡ ಹಣ ಬೇಕಿತ್ತು, ಅದು ಅವರಲ್ಲಿರಲಿಲ್ಲ. 2015ರ ಆಗಸ್ಟ್ 5ರಂದು ಪರಿಸರ ಸಂಸ್ಥೆಯ ಗುತ್ತಿಗೆ ತಂಡ ಗೋಲ್ಡ್ ಕಿಂಗ್ ಗಣಿಯ ಬಾಯಿ ಕೆದಕುವಾಗ ಒಳಗೆ ಕಟ್ಟಿದ್ದ ನೀರು ಒಡೆದು ಬಂತು. ಸುಮಾರು 30 ಲಕ್ಷ ಗ್ಯಾಲನ್, ಅಂದರೆ 1.1 ಕೋಟಿ ಲೀಟರಿಗೂ ಹೆಚ್ಚು. ಅನಿಮಾಸ್ ನದಿ ಅರಿಶಿನ ಬಣ್ಣಕ್ಕೆ ತಿರುಗಿತು. ಕೆಳಗಡೆ ಬೇರೆ ರಾಜ್ಯದಲ್ಲಿದ್ದ ನವಾಹೊ ಬುಡಕಟ್ಟಿನ ರೈತರು ನಾಲೆಗಳನ್ನು ಮುಚ್ಚಿ ಬೆಳೆ ಕಳೆದುಕೊಂಡರು. ಮರುವರ್ಷ ಸಿಲ್ವರ್‌ಟನ್ ತಾನಾಗಿಯೇ ಕೇಳಿಕೊಂಡು ಪಟ್ಟಿ ಸೇರಿತು.

ಈ ಘಟನೆಯಿಂದ ಸರ್ಕಾರಿ ಸಂಸ್ಥೆಯನ್ನು ಬೈಯುವವರು ಒಂದು ಪಾಠ ಹೇಳುತ್ತಾರೆ, ಪಟ್ಟಣವನ್ನು ಬೈಯುವವರು ಇನ್ನೊಂದು. ನನ್ನನ್ನು ಕಾಡುವುದು ಮೂರನೆಯದು. ಎರಡು ದಶಕ ‘ಸ್ಥಳೀಯರ ಅಭಿಪ್ರಾಯ’ ಎಂದು ಎಣಿಸಿದ್ದು ಬೆಟ್ಟದ ಮೇಲಿನ ಕೆಲವು ನೂರು ಜನರದ್ದು; ನೀರು ಕುಡಿಯುವ, ಗದ್ದೆಗೆ ಹಾಯಿಸುವ ಸಾವಿರಾರು ಮಂದಿ ಇದ್ದದ್ದು ಕೆಳಗೆ. ಗಣಿಯ ಮಟ್ಟಿಗೆ ಸ್ಥಳೀಯರು ಯಾರು ಎಂಬುದನ್ನು ಊರಿನ ಗಡಿಯಿಂದ ಗುರುತಿಸಲಾಗದು, ನೀರು ಹರಿಯುವ ದಾರಿಯಿಂದ, ಗಾಳಿ ಬೀಸುವ ದಿಕ್ಕಿನಿಂದ ಗುರುತಿಸಬೇಕು. ನಿಮ್ಮ ಮೊದಲ ಸಭೆಗೆ ಹೊಳೆಯ ಕೆಳಗಿನ ಹಳ್ಳಿಗಳಿಂದ ಎಷ್ಟು ಜನ ಬಂದಿದ್ದರು?

ಬಾರದೇ ಉಳಿಯುವವರಲ್ಲಿ ಇನ್ನೊಂದು ವರ್ಗವಿದೆ: ತ್ಯಾಜ್ಯದ ರಾಶಿಯನ್ನೇ ಕೆದಕಿ ಹೊಟ್ಟೆ ಹೊರೆಯುವವರು. ಜಾಂಬಿಯಾದ ಕಾಬ್ವೆಯಲ್ಲಿ ಸೀಸದ ಗಣಿ 1994ರಲ್ಲಿ ಮುಚ್ಚಿದರೂ ಆ ರಾಶಿಗಳಿಂದ ಅದಿರು ಆಯ್ದು ಮಾರುವವರು ಈಗಲೂ ಇದ್ದಾರೆ. ಅತಿ ಹೆಚ್ಚು ವಿಷ ತಾಗುವುದು ಅವರಿಗೆ, ಬೇಲಿ ಹಾಕಿದ ದಿನ ದುಡಿಮೆ ಕಳೆದುಕೊಳ್ಳುವವರೂ ಅವರೇ. ಅವರ ಕೆಲಸ ಬಹುಪಾಲು ಕಡೆ ಅಕ್ರಮವಾದ್ದರಿಂದ ಸಭೆಗೆ ಬಂದು ಹೆಸರು ಬರೆಸುವುದಿಲ್ಲ. ಅವರನ್ನು ಬಿಟ್ಟು ಹಾಕಿದ ಬೇಲಿ ಒಂದು ಮಳೆಗಾಲ ನಿಲ್ಲುವುದಿಲ್ಲ. ಅವರ ಜೊತೆ ಮಾತಾಡಲು ಸಭಾಂಗಣ ಸರಿಯಾದ ಜಾಗವಲ್ಲ. ಅವರು ನಂಬುವ ಯಾರಾದರೊಬ್ಬರನ್ನು ಹಿಡಿದು, ಹೆಸರು ದಾಖಲಿಸದೆ, ಅವರಿರುವಲ್ಲಿಗೇ ಹೋಗಬೇಕು.

ಸಾಗಿಸುವುದು ಮತ್ತು ಮುಟ್ಟದಿರುವುದು, ಇವೆರಡರ ನಡುವೆ ದಾರಿ ಇಲ್ಲವೇ ಎಂದರೆ, ಇದೆ. ಕೊಲರಾಡೋದ ಲೆಡ್‌ವಿಲ್‌ನಲ್ಲಿ ಊರಿನವರು ಹಳೆಯ ಗಣಿ ದಿಬ್ಬಗಳು ತಮ್ಮ ಚರಿತ್ರೆ, ಅವನ್ನು ನೆಲಸಮ ಮಾಡಬೇಡಿ ಎಂದು ಪಟ್ಟು ಹಿಡಿದರು. ಎಲ್ಲರ ಅಂಗಳ ಅಗೆಯುವ ಬದಲು ಮಕ್ಕಳ ರಕ್ತದ ಸೀಸವನ್ನು ನಿಯಮಿತವಾಗಿ ಪರೀಕ್ಷಿಸಿ, ಎಲ್ಲಿ ಹೆಚ್ಚು ಕಂಡಿತೋ ಆ ಮನೆಯ ಬಣ್ಣ, ನಲ್ಲಿ, ಮಣ್ಣು ಎಲ್ಲವನ್ನೂ ನೋಡಿ ಸರಿಪಡಿಸುವ ಕಾರ್ಯಕ್ರಮ ಬಂತು. ನನಗೆ ಇದರ ಬಗ್ಗೆ ಪೂರ್ತಿ ಸಮಾಧಾನವಿಲ್ಲ, ಏಕೆಂದರೆ ರಕ್ತದಲ್ಲಿ ಸೀಸ ಕಂಡ ಹೊತ್ತಿಗೆ ಮಗುವಿಗೆ ಅದು ಹೊಕ್ಕಾಗಿರುತ್ತದೆ. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದಿಲ್ಲ. ಆದರೂ ಜನ ನಂಬಿ ಬಾಗಿಲು ತೆರೆದ ಕಾರ್ಯಕ್ರಮ, ಬಾಗಿಲು ಮುಚ್ಚಿಸಿದ ಕಾರ್ಯಕ್ರಮಕ್ಕಿಂತ ಮೇಲು.

‘ಇದು ತಾಂತ್ರಿಕ ವಿಷಯ’ ಎಂಬ ಮಾತಿಗೆ ಈಗ ಬರುತ್ತೇನೆ. ನಾನೂ ಎಂಜಿನಿಯರುಗಳ ಜೊತೆಯೇ ಕೆಲಸ ಮಾಡುವವನು, ಅವರ ವಿದ್ಯೆಯ ಬಗ್ಗೆ ಗೌರವವಿದೆ. ದಿಬ್ಬದ ಮೇಲಿನ ಹೊದಿಕೆ ಎಷ್ಟು ದಪ್ಪ, ಆಮ್ಲ ನೀರಿಗೆ ಸುಣ್ಣ ಎಷ್ಟು ಟನ್ – ಇವು ತಾಂತ್ರಿಕ. ಯಾರ ಮೇಲಿನ ಅಪಾಯ ಎಷ್ಟು ಸಹ್ಯ, ಎಷ್ಟು ವರ್ಷದವರೆಗಿನ ಹೊಣೆ, ಇನ್ನೂ ಹುಟ್ಟದವರ ತಲೆಗೆ ಏನನ್ನು ಕಟ್ಟಬಹುದು ಎಂಬುದಕ್ಕೆ ಯಾವ ಸೂತ್ರವೂ ಇಲ್ಲ. ಇವೆರಡನ್ನು ಬಿಡಿಸಿ ನೋಡಿದಾಗ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಯೆಲ್ಲೋನೈಫ್ ನಗರದ ಅಂಚಿನ ಜೈಂಟ್ ಗಣಿಗಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅದು ಚಿನ್ನದ ಗಣಿ, 1948ರಲ್ಲಿ ಶುರು. ಅಲ್ಲಿನ ಅದಿರಿನಲ್ಲಿ ಚಿನ್ನ ಆರ್ಸೆನಿಕ್ ಖನಿಜದೊಳಗೆ ಸೇರಿಕೊಂಡಿತ್ತು, ಹುರಿದರೆ ಮಾತ್ರ ಬಿಡುತ್ತಿತ್ತು. ಹುರಿದಾಗ ಆರ್ಸೆನಿಕ್ ಟ್ರೈಆಕ್ಸೈಡ್ ದೂಳು. ಮೊದಲ ವರ್ಷಗಳಲ್ಲಿ ಅದು ಚಿಮಣಿಯಿಂದ ನೇರ ಗಾಳಿಗೆ ಹೋಗಿ ಹಿಮದ ಮೇಲೆ ಬೀಳುತ್ತಿತ್ತು. ಡೆನೆ ಮೂಲನಿವಾಸಿಗಳು ಹಿಮ ಕರಗಿಸಿಯೇ ನೀರು ಕುಡಿಯುವವರು. 1951ರಲ್ಲಿ ಅವರದೊಂದು ಮಗು ಆರ್ಸೆನಿಕ್ ವಿಷದಿಂದ ಸತ್ತಿತು. ಆಮೇಲೆ ದೂಳನ್ನು ಹಿಡಿದು ಭೂಮಿಯೊಳಗಿನ ಕೋಣೆಗಳಲ್ಲಿ ತುಂಬುತ್ತ ಬಂದರು: ಒಟ್ಟು 2,37,000 ಟನ್. ನೀರಿನಲ್ಲಿ ಕರಗುವ ವಿಷ ಅದು. 1999ರಲ್ಲಿ ಮಾಲೀಕ ಕಂಪನಿ ದಿವಾಳಿ ಎದ್ದಿತು, ಹೊಣೆ ಸರ್ಕಾರದ ಮೇಲೆ ಬಿತ್ತು, 2004ರಲ್ಲಿ ಗಣಿಗಾರಿಕೆ ಪೂರ್ತಿ ನಿಂತಿತು.

ಸರ್ಕಾರದ ತಜ್ಞರು ಹತ್ತಾರು ವಿಧಾನಗಳನ್ನು ತೂಗಿ, ಆ ಕೋಣೆಗಳ ಸುತ್ತಲ ಬಂಡೆಯನ್ನು ಹೆಪ್ಪುಗಟ್ಟಿಸಿ ವಿಷವನ್ನು ಅಲ್ಲೇ ಕಟ್ಟಿಹಾಕುವುದೇ ಸರಿ ಎಂದರು. ಎಷ್ಟು ಕಾಲ? ಶಾಶ್ವತವಾಗಿ. ಎಂಜಿನಿಯರಿಂಗ್ ದೃಷ್ಟಿಯಿಂದ ಆ ಯೋಜನೆ ಕಳಪೆಯಲ್ಲ. ಇಂದಿಗೂ ನಡೆಯುತ್ತಿರುವುದು ಅದೇ. ನಗರಸಭೆ 2008ರಲ್ಲಿ ಇದನ್ನು ಪೂರ್ಣ ಪರಿಸರ ಪರಿಶೀಲನೆಗೆ ಒಪ್ಪಿಸಿತು. ಅಲ್ಲಿ ಡೆನೆ ಹಿರಿಯರು, ನಗರದವರು, ಸ್ವಯಂಸೇವಾ ಗುಂಪುಗಳು ಕೇಳಿದ್ದು ಪೈಪಿನ ಗಾತ್ರವನ್ನಲ್ಲ. ಶಾಶ್ವತ ಎಂದರೆ ಯಾರು ನೋಡಿಕೊಳ್ಳುತ್ತಾರೆ? ಸರ್ಕಾರಗಳು ಬದಲಾದರೆ? ಇಲ್ಲಿ ವಿಷವಿದೆ ಎಂದು ಮುಂದಿನವರಿಗೆ ಹೇಗೆ ತಿಳಿಸುತ್ತೀರಿ? ಇಂದು ಉತ್ತರವಿಲ್ಲದ್ದಕ್ಕೆ ನಾಳೆ ಉತ್ತರ ಹುಡುಕುವವರು ಯಾರು? ಪರಿಶೀಲನಾ ಮಂಡಳಿ 2013ರಲ್ಲಿ 26 ಷರತ್ತುಗಳನ್ನು ಹಾಕಿತು, ಮರುವರ್ಷ ಸರ್ಕಾರ ಕೆಲವು ತಿದ್ದುಪಡಿಗಳೊಂದಿಗೆ ಒಪ್ಪಿತು. ಹೆಪ್ಪುಗಟ್ಟಿಸುವ ವಿಧಾನ ಉಳಿಯಿತು, ‘ಶಾಶ್ವತ’ ಹೋಯಿತು. ಗರಿಷ್ಠ 100 ವರ್ಷದ ತಾತ್ಕಾಲಿಕ ವ್ಯವಸ್ಥೆ, 20 ವರ್ಷಕ್ಕೊಮ್ಮೆ ಸ್ವತಂತ್ರ ಮರುಪರಿಶೀಲನೆ, ಶಾಶ್ವತ ಪರಿಹಾರದ ಸಂಶೋಧನೆಗೆ ಹಣ. 2015ರಲ್ಲಿ ಡೆನೆ ಸಮುದಾಯ, ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದ ಮೆಟಿ ಜನರ ಸಂಘಟನೆ, ನಗರಸಭೆ, ಒಂದು ನಾಗರಿಕ ಗುಂಪು ಮತ್ತು ಎರಡು ಸರ್ಕಾರಗಳು ಸಹಿ ಹಾಕಿದ ಒಪ್ಪಂದದಿಂದ ಸ್ವತಂತ್ರ ಉಸ್ತುವಾರಿ ಮಂಡಳಿ ಹುಟ್ಟಿತು. ಆ ಸಂಶೋಧನೆಯ ಹಣ ಇರುವುದು ಅದರ ಕೈಯಲ್ಲಿ. ಹೆಪ್ಪುಗಟ್ಟಿಸುವ ವಿಧಾನವನ್ನು ಕದಲಿಸದೆಯೇ ಯೋಜನೆಯ ಅರ್ಥವನ್ನು ಜನ ಬದಲಿಸಿದರು. ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ಅತಿ ಗಟ್ಟಿ ಉತ್ತರ ಇದು.

ಇಂಥದ್ದಕ್ಕೆ ಊರಿನವರಿಗೆ ತಮ್ಮದೇ ತಜ್ಞರು ಬೇಕಾಗುತ್ತದೆ. ಬರೀ ಕಾಳಜಿಯಿಂದ ನಾನೂರು ಪುಟ ದಾಟಲಾಗುವುದಿಲ್ಲ. ಸೂಪರ್‌ಫಂಡ್‌ನಲ್ಲಿ ಊರಿನ ಗುಂಪು ತನಗೆ ಬೇಕಾದ ಸಲಹೆಗಾರರನ್ನು ನೇಮಿಸಿಕೊಳ್ಳಲು 50,000 ಡಾಲರ್‌ವರೆಗೆ ಆರಂಭಿಕ ನೆರವು ಕೊಡುತ್ತಾರೆ. ಬೇರೆಡೆ ಅಂಥ ನಿಯಮ ಇಲ್ಲದಿದ್ದರೂ ಯೋಜನೆಯ ವೆಚ್ಚದಲ್ಲೇ ಇದಕ್ಕೊಂದು ಬಾಬ್ತು ತೆಗೆದಿಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕೊಲರಾಡೋದ ಆಸ್ಪೆನ್ ಪಟ್ಟಣದ ಸ್ಮಗ್ಲರ್ ಗಣಿ ವಿಷಯದಲ್ಲಿ ನಿವಾಸಿಗಳಿಗೂ ಪರಿಸರ ಸಂಸ್ಥೆಗೂ ವರ್ಷಗಟ್ಟಲೆ ಹಟ ನಡೆದು, ಕೊನೆಗೆ ಸ್ವತಂತ್ರ ತಜ್ಞರ ಸಮಿತಿಯಿಂದ ಗಂಟು ಬಿಚ್ಚಿತು. ಅಲ್ಲಿ ಅಗೆಯುವ ಕೆಲಸ ಬಹಳಷ್ಟು ಕಡಿಮೆಯಾಯಿತು. ಅಂದರೆ ಸ್ವತಂತ್ರ ತಜ್ಞರು ಬಂದರೆ ಅಪಾಯ ಹೆಚ್ಚೆಂದೇ ಹೇಳುತ್ತಾರೆ ಎಂದೇನಿಲ್ಲ. ಅದಕ್ಕೂ ಸಿದ್ಧರಿರಿ.

ಇನ್ನು ಹಣದ ಮಾತು. ಇದು ಸಭೆಗಳಲ್ಲಿ ಬರುವುದೇ ಇಲ್ಲ, ಬಂದರೂ ‘ಅದು ಬೇರೆ ಹಂತ’ ಎಂದು ತೇಲಿಸುತ್ತಾರೆ. ಕಂಪನಿ ಬದುಕಿದ್ದ ಕಡೆ ಅಸಲಿ ತೀರ್ಮಾನ ವಕೀಲರ ನಡುವೆ ಮುಚ್ಚಿದ ಕೋಣೆಯಲ್ಲಿ ನಡೆಯುವುದೂ ಉಂಟು. ಬ್ಯೂಟ್‌ನಲ್ಲಿ ಕಂಪನಿ ಮತ್ತು ಸರ್ಕಾರಗಳ ಮಾತುಕತೆ ನ್ಯಾಯಾಲಯದ ಗೌಪ್ಯತಾ ಆದೇಶದಡಿ ವರ್ಷಗಟ್ಟಲೆ ನಡೆದು 2020ರಲ್ಲಿ ಒಪ್ಪಂದವಾಯಿತು. ಊರಿನವರು ಅಭಿಪ್ರಾಯ ಕೊಡುತ್ತಿದ್ದರು, ಅದು ಎಲ್ಲಿ ಹೋಗಿ ಸೇರುತ್ತಿದೆ ಎಂದು ನೋಡಲು ಆಗುತ್ತಿರಲಿಲ್ಲ. ನಿಮ್ಮಲ್ಲಿ ಕಂಪನಿಯೇ ಇಲ್ಲವಾದ್ದರಿಂದ ಆ ತೊಡಕಿಲ್ಲ, ಬೇರೆಯದೊಂದಿದೆ. ಸುರಂಗದ ಆಮ್ಲ ನೀರನ್ನು ಸುಣ್ಣ ಹಾಕಿ ಸಂಸ್ಕರಿಸುವ ಘಟಕ ಕಟ್ಟುವುದು ಸುಲಭ, ಉದ್ಘಾಟನೆಗೂ ಚೆನ್ನಾಗಿರುತ್ತದೆ. ಅದನ್ನು ನಡೆಸುವುದು ಕಷ್ಟ. ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿಯ ಆಮ್ಲ ಇನ್ನೂ ಸುಮಾರು 3,000 ವರ್ಷ ಹರಿಯಬಹುದೆಂಬ ಅಂದಾಜಿದೆ. ನಿಮ್ಮ ಗಣಿ ಅಷ್ಟು ಭೀಕರವಾಗಿರಲಾರದು, ಆದರೂ ಸುಣ್ಣ, ವಿದ್ಯುತ್, ಕೆಲಸಗಾರರ ಸಂಬಳ, ದಿನವೂ ಬೀಳುವ ಲೋಹದ ಕೆಸರಿನ ವಿಲೇವಾರಿಗೆ ಹತ್ತನೇ ವರ್ಷ, ಮೂವತ್ತನೇ ವರ್ಷ ದುಡ್ಡು ಎಲ್ಲಿಂದ ಎಂದು ಲಿಖಿತವಾಗಿ ಕೇಳಿ. ವರ್ಷ ವರ್ಷದ ಬಜೆಟ್‌ನಿಂದ ಎಂದರೆ ಒಪ್ಪಬೇಡಿ. ಬೇರೆಡೆ ತಿರುಗಿಸಲಾಗದ ನಿಧಿಯಿಡಲು ಹೇಳಿ. ಹಾಗಿಲ್ಲದಿದ್ದರೆ ಅದು ತಿಪ್ಪೆ ಸಾರಿಸುವ ಕೆಲಸ.

ಮಾನದಂಡಗಳೂ ನಿಂತಲ್ಲಿ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಮನೆಯಂಗಳದ ಮಣ್ಣಿನ ಸೀಸಕ್ಕೆ ಹತ್ತಿರ ಹತ್ತಿರ ಮೂರು ದಶಕ ಕಿಲೋಗ್ರಾಂಗೆ 400 ಮಿಲಿಗ್ರಾಂ ಎಂಬ ಮಟ್ಟವಿತ್ತು, 2024ರಲ್ಲಿ ಅದನ್ನು 200ಕ್ಕೆ ಇಳಿಸಿದರು. ‘ಮುಗಿಯಿತು’ ಎಂದು ಗುರುತು ಹಾಕಿದ ಅಂಗಳಗಳು ಒಂದೇ ದಿನದಲ್ಲಿ ಪ್ರಶ್ನೆಯಾದವು. ನಿಮ್ಮ ಯೋಜನೆಯಲ್ಲಿ ಐದು ವರ್ಷಕ್ಕೊಮ್ಮೆ ಮರುಪರಿಶೀಲನೆ, ಮಿತಿ ಬದಲಾದರೆ ಕಡತ ಮತ್ತೆ ತೆರೆಯುವ ಷರತ್ತು ಇರಲಿ.

ಮೊದಲ ಕೆಲಸ, ಅವಧಿ ವಿಸ್ತರಣೆ. ಈ ವಾರವೇ ಒಂದು ಪುಟದ ಪತ್ರ ಬರೆದು ಇನ್ನೂ 30 ದಿನ ಕೇಳಿ, ಊಹೆಗಳ ಕೋಷ್ಟಕ ಮತ್ತು ಮಾದರಿಗಳ ಮೂಲ ಅಂಕಿಗಳನ್ನೂ ಕೇಳಿ. ಜನ ಓದುವ ಭಾಷೆಯಲ್ಲಿ ಹದಿನೈದು ಪುಟದ ಸಾರಾಂಶ ಕೊಡಲು ಹೇಳಿ. ಅಭಿಪ್ರಾಯಗಳನ್ನು ಲಿಖಿತವಾಗಿ ಕೊಡಿ, ಒಂದೊಂದು ಅಂಶಕ್ಕೂ ಸಂಖ್ಯೆ ಹಾಕಿ. ಪ್ರತಿಯೊಂದಕ್ಕೂ ಏಕೆ ಒಪ್ಪಿದೆವು, ಏಕೆ ಬಿಟ್ಟೆವು ಎಂಬ ಉತ್ತರ ಅಂತಿಮ ಆದೇಶದ ಜೊತೆ ಬರಬೇಕೆಂದು ಅದರಲ್ಲೇ ಬರೆಯಿರಿ. ಒಂದೇ ಅರ್ಜಿಗೆ ಸಾವಿರ ಸಹಿ ಹಾಕಿಸುವುದಕ್ಕಿಂತ, ಹತ್ತು ಮನೆಯವರು ತಮ್ಮ ಬಾವಿ, ತಮ್ಮ ಹೊಲ, ತಮ್ಮ ಮಕ್ಕಳು ಆಡುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಕೊಟ್ಟರೆ ಹೆಚ್ಚು ಕೆಲಸವಾಗುತ್ತದೆ. ಸಾವಿರ ಸಹಿಯನ್ನು ‘ಸಾರ್ವಜನಿಕರ ಕಳವಳ ಗಮನಿಸಲಾಗಿದೆ’ ಎಂಬ ಒಂದು ಸಾಲಿನಲ್ಲಿ ಮುಗಿಸಬಹುದು, ನಕ್ಷೆಯನ್ನು ಹಾಗೆ ಮುಗಿಸಲಾಗದು.

ಮುಂದಿನ ಬಾರಿ ಹೊಳೆಯ ನೀರಿನ ಮಾದರಿ ತೆಗೆಯುವಾಗ ನಿಮ್ಮ ಕಡೆಯ ಒಬ್ಬರು ಜೊತೆಗೆ ನಿಲ್ಲಲಿ, ಅದೇ ಜಾಗದಿಂದ ಅದೇ ಹೊತ್ತಿಗೆ ತುಂಬಿದ ಎರಡನೇ ಬಾಟಲಿಯನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಲು ಪಡೆದುಕೊಳ್ಳಿ. ನೀರನ್ನು ಸೋಸಿ ತುಂಬಿದರೋ ಸೋಸದೆಯೋ ಬರೆದಿಟ್ಟುಕೊಳ್ಳಿ. ಸೋಸಿದರೆ ಕರಗಿದ ಲೋಹ ಮಾತ್ರ ಸಿಗುತ್ತದೆ, ಸೋಸದಿದ್ದರೆ ಕೆಸರಿನೊಡನೆ ತೇಲಿ ಹೋಗುವುದೂ ಲೆಕ್ಕಕ್ಕೆ ಬರುತ್ತದೆ, ಎರಡೂ ಬೇಕು. ದಿನಾಂಕ ನೋಡಿ. ಒಣಗಾಲದಲ್ಲಿ ದಿಬ್ಬಗಳ ಮೈಮೇಲೆ ಬಿಳಿ, ಹಳದಿ ಉಪ್ಪಿನಂತೆ ಕಟ್ಟಿಕೊಳ್ಳುವ ಲೋಹದ ಲವಣಗಳು ಮೊದಲ ಜೋರು ಮಳೆಗೆ ಒಂದೇ ಸಲ ತೊಳೆದು ಹೊಳೆಗಿಳಿಯುತ್ತವೆ. ವರದಿಯ ಮಾದರಿಗಳೆಲ್ಲ ಮಳೆ ನಿಂತ ಮೇಲಿನ ತಿಂಗಳುಗಳವಾಗಿದ್ದರೆ ಆ ಮೊದಲ ಮಳೆಯ ನೀರನ್ನು ಯಾರೂ ಅಳೆದಿಲ್ಲ ಎಂದರ್ಥ, ಅದನ್ನು ನಿಮ್ಮ ಪತ್ರದ ಮೊದಲ ಅಂಶವಾಗಿ ಹಾಕಿ.